ಆನ್‌ಲೈನ್ ಡಿಗ್ರಿಯವರಿಗೂ ಸಂಘದ ಫಾರಂನಲ್ಲಿ ಜಾಗ ಕೊಡಿ

ಮಾನ್ಯ ಸಂಪಾದಕರೇ,

ರಿಸಲ್ಟ್ ಬರುವ ಸೀಸನ್‌ನಲ್ಲಿ ಪೇಪರ್ ತೆರೆದರೆ ಎರಡು ವಿಷಯ ಕಣ್ಣಿಗೆ ಬೀಳುತ್ತವೆ. ಒಂದು, ಮನೆಯಲ್ಲೇ ಕೂತು ಡಿಗ್ರಿ ಮಾಡಿ ಅನ್ನುವ ಜಾಹೀರಾತು. ಇನ್ನೊಂದು, ನಮ್ಮ ಮುಂಬಯಿಯ ಕನ್ನಡ ಸಂಘಗಳು ವಿದ್ಯಾರ್ಥಿವೇತನ ಹಂಚಿದ ಫೋಟೊ. ಮೊದಲನೆಯದನ್ನು ನಂಬಿ ಸೇರಿದ ಹುಡುಗರಿಗೆ ಎರಡನೆಯದು ಸಿಗುವುದಿಲ್ಲ. ಅದರ ಬಗ್ಗೆಯೇ ಈ ಪತ್ರ.

ನಮ್ಮ ಅಕ್ಕನ ಮಗ ಕುಂದಾಪುರದ ಕಡೆಯವನು. ಪಿಯುಸಿ ಮುಗಿಸಿ ಬಂದು ಅಂಧೇರಿಯ ಒಂದು ಹೋಟೆಲಿನಲ್ಲಿ ಗಲ್ಲೆಯಲ್ಲಿ ಕೂರುತ್ತಾನೆ. ಬಿಕಾಂ ಮಾಡುವ ಆಸೆ. ಇಲ್ಲಿ ಎಷ್ಟೋ ಕಾಮರ್ಸ್ ಕಾಲೇಜುಗಳಲ್ಲಿ ಕ್ಲಾಸು ಬೆಳಿಗ್ಗೆ ಏಳಕ್ಕೇ ಶುರು, ಆಫೀಸಿಗೆ ಹೋಗುವವರಿಗೆ ಅದು ಅನುಕೂಲ, ಆದರೆ ಹೋಟೆಲಿನಲ್ಲಿ ಇಡ್ಲಿ ವಡೆಯ ರಶ್ಶು ಇರುವುದೂ ಅದೇ ಹೊತ್ತಿಗೆ. "ಮಾವ, ಆನ್‌ಲೈನಿಗೆ ಸೇರ್ಲಾ?" ಅಂತ ಕೇಳಿದ.

ಡಿಗ್ರಿಗೆ ಬೆಲೆ ಇದೆಯಾ ಅನ್ನುವುದು ಎಲ್ಲರ ಮೊದಲ ಪ್ರಶ್ನೆ. ಇದೆ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2020ರ ನಿಯಮದ ಪ್ರಕಾರ ಮಾನ್ಯತೆ ಇರುವ ವಿಶ್ವವಿದ್ಯಾಲಯದ ಆನ್‌ಲೈನ್ ಅಥವಾ ದೂರಶಿಕ್ಷಣದ ಡಿಗ್ರಿ ರೆಗ್ಯುಲರ್ ಡಿಗ್ರಿಗೆ ಸಮ. ಇಂಜಿನಿಯರಿಂಗ್, ಮೆಡಿಕಲ್, ನರ್ಸಿಂಗ್, ಲಾ ಇಂಥವನ್ನು ಮಾತ್ರ ಆನ್‌ಲೈನಿನಲ್ಲಿ ಕೊಡುವಂತಿಲ್ಲ. ಯಾರಾದರೂ ಕೊಡುತ್ತೇವೆ ಅಂದರೆ ಫೋನ್ ಇಟ್ಟುಬಿಡಿ. ಮಾನ್ಯತೆ ಇದೆಯಾ ಅಂತ ತಿಳಿಯಲು ಜಾಹೀರಾತು ನೋಡಬೇಡಿ, ಯುಜಿಸಿಯ ದೂರಶಿಕ್ಷಣ ವಿಭಾಗದ ವೆಬ್‌ಸೈಟ್ ನೋಡಿ. ಯಾವ ವಿಶ್ವವಿದ್ಯಾಲಯದ ಯಾವ ಕೋರ್ಸಿಗೆ ಯಾವ ವರ್ಷ ಅನುಮತಿ ಇದೆ ಅಂತ ಅಲ್ಲೇ ಪಟ್ಟಿ ಇದೆ. ವರ್ಷ ನೋಡುವುದು ಮುಖ್ಯ. ನಮ್ಮ ಮೈಸೂರಿನ ಮುಕ್ತ ವಿಶ್ವವಿದ್ಯಾಲಯದ ಕಥೆ ಮರೆತಿಲ್ಲ ಅಲ್ವಾ? ರಾಜ್ಯದ ಹೊರಗೆಲ್ಲ ಸೆಂಟರ್‌ಗಳಿದ್ದವು, ಯುಜಿಸಿ 2015ರಲ್ಲಿ ಮಾನ್ಯತೆ ಇಲ್ಲ ಅಂದಿತು, ಮತ್ತೆ ಸಿಕ್ಕಿದ್ದು 2018ರಲ್ಲಿ. ನಡುವೆ ಸಿಕ್ಕಿಹಾಕಿಕೊಂಡವರ ಪಾಡು ಅವರಿಗೇ ಗೊತ್ತು.

ಇನ್ನು ಕೋರ್ಸಿಗೆ ಸೇರಿಸಲು ಫೋನ್ ಮಾಡುವವರು. ನಮ್ಮ ಹುಡುಗ ಎಲ್ಲೋ ಒಂದು ಕಡೆ ನಂಬರ್ ಕೊಟ್ಟ, ಅಷ್ಟೇ. ಇವತ್ತು ರಾತ್ರಿಯೊಳಗೆ ಕಟ್ಟಿದರೆ ಡಿಸ್ಕೌಂಟ್, ಇಎಂಐ ಮಾಡಿಕೊಡುತ್ತೇವೆ, ಆಧಾರ್ ಫೋಟೊ ಕಳಿಸಿ ಸಾಕು ಅಂತ ಒಂದೇ ಸಮ ಒತ್ತಾಯ. ಈ ಇಎಂಐ ಅನ್ನುವುದು ಹುಡುಗನ ಹೆಸರಿನಲ್ಲಿ ತೆಗೆಯುವ ಸಾಲ. ಓದು ಅರ್ಧಕ್ಕೆ ನಿಂತರೂ ಸಾಲದ ಕಂತು ತಾನಾಗಿ ನಿಲ್ಲುವುದಿಲ್ಲ. ಕೋರ್ಸನ್ನು ಹೊರಗಿನ ಕಂಪನಿಗಳಿಗೆ ಫ್ರಾಂಚೈಸಿ ಕೊಡುವಂತಿಲ್ಲ ಅಂತ ಯುಜಿಸಿ 2022ರ ಜನವರಿಯಲ್ಲೇ ಎಚ್ಚರಿಸಿದೆ. ಹಾಗಾಗಿ ಫೀಸು ನೇರ ವಿಶ್ವವಿದ್ಯಾಲಯದ ಖಾತೆಗೇ ಹೋಗಬೇಕು.

ಇಷ್ಟೆಲ್ಲ ವಿಚಾರಿಸಿದ ಮೇಲೂ ನಮ್ಮ ಹುಡುಗನ ಮಟ್ಟಿಗೆ ತೀರ್ಮಾನ ಆಗಿದ್ದು ಬೇರೆಯೇ ವಿಷಯದ ಮೇಲೆ. ಅವನು ಮಲಗುವುದು ಹೋಟೆಲಿನ ಅಟ್ಟದ ಮೇಲೆ, ಜೊತೆಯಲ್ಲಿ ಅಡುಗೆಯವರು, ಮಾಣಿಗಳು ಎಲ್ಲರೂ. ಒಬ್ಬ ಫೋನಿನಲ್ಲಿ ಊರಿಗೆ ಮಾತಾಡುತ್ತಿದ್ದರೆ ಇನ್ನೊಬ್ಬ ರೀಲ್ಸ್ ನೋಡುತ್ತಿರುತ್ತಾನೆ, ಲೈಟು ಆರಿಸಿ ಅಂತ ಮೂಲೆಯಿಂದ ಕೂಗು. ಕ್ಲಾಸನ್ನೇನೋ ಇಯರ್‌ಫೋನ್ ಹಾಕಿ ಕೇಳಬಹುದು. ಪರೀಕ್ಷೆ? ಕೆಲವು ಕಡೆ ಪರೀಕ್ಷೆಯನ್ನು ಕ್ಯಾಮೆರಾ ಆನ್ ಮಾಡಿಕೊಂಡು ಇದ್ದಲ್ಲಿಂದಲೇ ಬರೆಯಬೇಕು. ಕೋಣೆಯಲ್ಲಿ ಬೇರೆ ಯಾರೂ ಇರಬಾರದು, ಹಿಂದಿನಿಂದ ಒಬ್ಬ ಲುಂಗಿ ಹುಡುಕುತ್ತಾ ಹಾದುಹೋದರೂ ಸ್ಕ್ರೀನ್ ಮೇಲೆ ವಾರ್ನಿಂಗ್ ಬರಬಹುದು. ಮನೆಯಲ್ಲೇ ಕೂತು ಡಿಗ್ರಿ ಅನ್ನುವವರು ಮೊದಲು ಕೂರಲು ಒಂದು ಮನೆ ಇದೆ ಅಂತ ಲೆಕ್ಕ ಹಾಕಿರುತ್ತಾರೆ. ಮುಂಬಯಿಯಲ್ಲಿ ಅದು ಎಷ್ಟು ಜನರಿಗಿದೆ?

ಅದಕ್ಕೇ ಅವನಿಗೆ ದೂರಶಿಕ್ಷಣವೇ ಸರಿ ಅಂತ ಹೇಳಿದ್ದೇನೆ. ಮುಂಬಯಿ ವಿಶ್ವವಿದ್ಯಾಲಯದ ದೂರಶಿಕ್ಷಣ 1971ರಿಂದ ಇದೆ, ಕಲೀನಾದಲ್ಲಿ ಹೋಗಿ ನೇರ ವಿಚಾರಿಸಬಹುದು. ಪರೀಕ್ಷೆಗೆ ಸೆಂಟರ್ ಇರುತ್ತದೆ, ಒಂದು ಬೆಂಚು ಸಿಗುತ್ತದೆ. ಸ್ವಂತ ಕೋಣೆ, ಒಳ್ಳೆ ಲ್ಯಾಪ್‌ಟಾಪ್ ಇದ್ದು, ಯಾರೂ ಹೇಳದೆ ತಾನೇ ಓದುವ ಅಭ್ಯಾಸ ಇರುವವರು ಆನ್‌ಲೈನಿಗೆ ಧೈರ್ಯವಾಗಿ ಸೇರಲಿ. ನನ್ನ ತಕರಾರು ಇಲ್ಲ.

ಈಗ ಸಂಘದವರಿಗೆ. ನಾನು ನೋಡಿದ ವಿದ್ಯಾರ್ಥಿವೇತನದ ಫಾರಂನಲ್ಲಿ 'ರೆಗ್ಯುಲರ್ ಕಾಲೇಜಿನ ಬೊನಾಫೈಡ್ ಕಡ್ಡಾಯ' ಅಂತಿತ್ತು, ಅಂದರೆ ಇವನು ನಮ್ಮ ವಿದ್ಯಾರ್ಥಿ ಅಂತ ಕಾಲೇಜು ಕೊಡುವ ಪತ್ರ ಬೇಕು. ಕೇಳಿದರೆ, ದೂರಶಿಕ್ಷಣದವರು ದುಡಿಯುತ್ತಾರಲ್ಲ, ಅವರಿಗೇಕೆ ಅಂದರು. ದುಡಿಯುತ್ತಾ ಓದುವುದು ನಮ್ಮವರಿಗೆ ಹೊಸದಾ? ಹಗಲು ಹೋಟೆಲಿನಲ್ಲಿ ಕಪ್ಪು ತೊಳೆದು, ರಾತ್ರಿ ಕನ್ನಡ ಶಾಲೆಗೆ ಹೋಗಿ ಎಸ್ಸೆಸ್ಸಿ ಪಾಸಾದವರು ಇವತ್ತು ಅದೇ ಸಂಘಗಳ ವೇದಿಕೆಯ ಮೇಲೆ ಶಾಲು ಹೊದೆಸಿಕೊಂಡು ಕೂತಿದ್ದಾರೆ. ಅವರ ಕಾಲದಲ್ಲಿ ರಾತ್ರಿ ಶಾಲೆಗೆ ಜಾಗ, ಪುಸ್ತಕ, ದೀಪ ಎಲ್ಲ ಸಮಾಜವೇ ಒದಗಿಸಿತ್ತು. ಇವತ್ತಿನ ಹುಡುಗನ ಕೈಗೆ ಒಂದು ಲಿಂಕ್ ಸಿಕ್ಕಿದೆ, ಅಷ್ಟೇ.

ದುಡ್ಡು ಕೊಡಲಾಗದಿದ್ದರೆ ಜಾಗ ಕೊಡಿ. ಮದುವೆ, ಯಕ್ಷಗಾನ, ವಾರ್ಷಿಕೋತ್ಸವ ಇಲ್ಲದ ದಿನ ಎಷ್ಟೋ ಸಂಘಗಳ ಹಾಲ್‌ಗಳು ಬೀಗ ಹಾಕಿಕೊಂಡಿರುತ್ತವೆ. ಮಧ್ಯಾಹ್ನ ಊಟದ ರಶ್ಶು ಮುಗಿದ ಮೇಲೆ ಸಂಜೆ ಟೀ ಶುರುವಾಗುವ ತನಕ ಹೋಟೆಲಿನ ಹುಡುಗರಿಗೆ ಸ್ವಲ್ಪ ಬಿಡುವು. ಆ ಹೊತ್ತಿಗೆ ಒಂದು ಕೋಣೆ, ನಾಲ್ಕು ಮೇಜು, ವೈಫೈ ಇದ್ದರೆ ಸಾಕು. ಪರೀಕ್ಷೆಯ ದಿನ ಬಾಗಿಲು ಹಾಕಿಕೊಂಡು ಒಬ್ಬನೇ ಕೂರಲು ಬಿಟ್ಟರೆ ಇನ್ನೂ ಒಳ್ಳೆಯದು. ನಿವೃತ್ತ ಬ್ಯಾಂಕಿನವರು ಎಲ್ಲ ಸಂಘದಲ್ಲೂ ಇದ್ದಾರೆ, ವಾರಕ್ಕೊಮ್ಮೆ ಬಂದು ಅಕೌಂಟ್ಸ್ ಹೇಳಿಕೊಟ್ಟರೆ ಅವರಿಗೂ ಹೊತ್ತು ಹೋಗುತ್ತದೆ.

ಈ ವರ್ಷದ ಫಾರಂ ಇನ್ನೂ ಪ್ರಿಂಟಿಗೆ ಹೋಗಿಲ್ಲದಿದ್ದರೆ 'ರೆಗ್ಯುಲರ್' ಅನ್ನುವ ಜಾಗದಲ್ಲಿ 'ಯುಜಿಸಿ ಮಾನ್ಯತೆ ಇರುವ' ಅಂತ ಹಾಕಿ, ಅದಕ್ಕೆ ಮಹಾಸಭೆ ಕರೆಯಬೇಕಾಗಿಲ್ಲ.

ಒಬ್ಬ ಓದುಗ, ಡೊಂಬಿವಲಿ