ನನ್ನ ರ‍್ಯಾಂಪಿನಿಂದಲೇ ಶುರು ಮಾಡಿ: ವಾರ್ಡ್ ಸದಸ್ಯರಿಗೊಂದು ಬಹಿರಂಗ ಪತ್ರ

ಚಿಕ್ಕಬಳ್ಳಾಪುರ ನಗರಸಭೆಯ ನಮ್ಮ ವಾರ್ಡಿನ ಸದಸ್ಯರಿಗೆ ನಮಸ್ಕಾರ.

ಮೊದಲು ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ಗೃಹಪ್ರವೇಶದ ಹೊತ್ತಿಗೆ ಕಾರು ಒಳಗೆ ಬರಲಿ ಅಂತ ಮನೆ ಮುಂದಿನ ಚರಂಡಿಗೆ ಆರಿಂಚಿನ ಪೈಪು ಹಾಕಿಸಿ, ಮೇಲೆ ಕಾಂಕ್ರೀಟ್ ರ‍್ಯಾಂಪ್ ಮಾಡಿಸಿದೆ. ಯಾರನ್ನೂ ಕೇಳಲಿಲ್ಲ. ನಮ್ಮ ಬೀದಿಯಲ್ಲಿ ಯಾರೂ ಕೇಳಿರಲಿಲ್ಲ. ಮೇಸ್ತ್ರಿ 'ಸಾಕು ಬಿಡಿ ಸಾರ್' ಅಂದ. ಚರಂಡಿ ಒಂದೂವರೆ ಅಡಿ ಅಗಲ, ಒಂದಡಿ ಆಳ. ಆಮೇಲೆ ಲೆಕ್ಕ ಹಾಕಿದೆ, ಪೈಪಿನ ಬಾಯಿ ಅದರ ಏಳನೇ ಒಂದು ಪಾಲೂ ಇಲ್ಲ!

ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ಆ ಬಾಯಿಗೆ ತೆಂಗಿನ ಚಿಪ್ಪೊಂದು ಸಿಕ್ಕಿಕೊಂಡಿತು, ಅದರ ಹಿಂದೆ ಹಾಲಿನ ಕವರುಗಳು. ನೀರು ನನ್ನ ಗೇಟಿಗೆ ಬರಲಿಲ್ಲ, ರ‍್ಯಾಂಪ್ ಎತ್ತರ ಇತ್ತಲ್ಲ. ಹಿಂದಕ್ಕೆ ತಿರುಗಿ ಪಕ್ಕದ ಮನೆ ಅಜ್ಜಿಯ ನಡುಮನೆಗೆ ನುಗ್ಗಿತು. ಬೆಳಗ್ಗೆ ಅವರು ಒದ್ದೆ ರಾಗಿಯನ್ನು ತಾರಸಿ ಮೇಲೆ ಹರಡುತ್ತಿದ್ದರು. ನನಗೆ ಏನೂ ಅನ್ನಲಿಲ್ಲ. ಬೈದಿದ್ದರೆ ವಾಸಿ ಇತ್ತು.

30-40 ಸೈಟಿನ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 5,500 ಲೀಟರ್ ನೀರು. ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕಾಯುವ ನಾವು ಅಷ್ಟನ್ನೂ ಪಕ್ಕದವರ ಗೋಡೆಗೆ ಬಿಡುತ್ತೇವೆ. ಅಕ್ಕಪಕ್ಕದ ಜಮೀನುಗಳ ನಡುವಿನ ಹಕ್ಕುಗಳನ್ನು ಹೇಳುವ 1882ರ ಈಸ್‌ಮೆಂಟ್ ಕಾಯ್ದೆಯ ಪ್ರಕಾರ ಮೇಲಿನ ಜಮೀನಿನ ನೀರು ಸಹಜವಾಗಿ ಹರಿದು ಬಂದರೆ ಕೆಳಗಿನವರು ತಡೆಯುವಂತಿಲ್ಲ. ಸಹಜವಾಗಿ ಅನ್ನೋದು ಮುಖ್ಯ. ತಾರಸಿಯಿಂದ ಪೈಪು ಇಳಿಸಿ ಪಕ್ಕದವರ ಕಡೆ ತಿರುಗಿಸೋದು ಸಹಜ ಅಲ್ಲ, ಅಲ್ವಾ?

ನಮ್ಮ ಬೀದಿಯಲ್ಲಿ ಯಾರಿಗೂ ಗೊತ್ತಿಲ್ಲದ್ದು ಇದು: ಚರಂಡಿ ಊರಿನದು, ಮೇಲಿನ ಚಪ್ಪಡಿ ನಮ್ಮದು, ಅದರ ಕೆಳಗಿನ ಹೂಳು ಯಾರದ್ದು? ಪೌರಕಾರ್ಮಿಕರು ಬಂದರೂ ಕಾಂಕ್ರೀಟ್ ಒಡೆದು ಕೈ ಹಾಕೋಕಾಗಲ್ಲ. ಸುಮ್ನೆ ಮುಂದೆ ಹೋಗುತ್ತಾರೆ, ಅವರನ್ನು ದೂರಿ ಏನು ಪ್ರಯೋಜನ?

2021ರ ನವೆಂಬರ್‌ನಲ್ಲಿ ಕಂದವಾರ ಕೆರೆ ಕೋಡಿ ಹರಿದಿದ್ದು ನಿಮಗೂ ನೆನಪಿರಬೇಕು. ಆಗ ಎಲ್ಲರೂ ರಾಜಕಾಲುವೆ ಒತ್ತುವರಿ ಬಗ್ಗೆ ಮಾತಾಡಿದೆವು. ಮನೆ ಮುಂದಿನ ಒಂದೂವರೆ ಅಡಿಯನ್ನು ಒತ್ತುವರಿ ಅಂತ ನಾನಂತೂ ಅಂದುಕೊಂಡಿರಲಿಲ್ಲ.

ನಗರಸಭೆ ಸಭೆಯಲ್ಲಿ ಈ ಮಾತು ಎತ್ತಿ. ರ‍್ಯಾಂಪ್ ಹಾಕೋರು ಎತ್ತಿಡುವಂಥ ಚಪ್ಪಡಿ ಹಾಕಬೇಕು, ಅದರ ಕೆಳಗಿನ ಹೂಳನ್ನು ಮುಂಗಾರಿಗೆ ಮೊದಲು ಮನೆಯವರೇ ತೆಗೆಸಬೇಕು ಅಂತ ನಿಯಮ ಆಗಲಿ. ಅದನ್ನು ಒಂದೇ ಹಾಳೆಯಲ್ಲಿ, ಅಜ್ಜಿಗೂ ಅರ್ಥವಾಗುವ ಕನ್ನಡದಲ್ಲಿ, ಕಂದಾಯದ ರಸೀದಿ ಜೊತೆ ಕೊಡಿಸಿ. ಮೊದಲ ನೋಟಿಸ್ ನನಗೇ ಬರಲಿ. ಪೈಪು ಒಡೆಯೋಕೆ ಮೇಸ್ತ್ರಿಗೆ ಹೇಳಿಟ್ಟಿದ್ದೇನೆ. ಚಪ್ಪಡಿ ಎಷ್ಟು ಅಗಲ, ಎಷ್ಟು ಎತ್ತರ ಅಂತ ನೀವು ಕೇಳಿ ಹೇಳಬೇಕಷ್ಟೆ.

ಇಂತಿ,
ನಿಮ್ಮ ವಾರ್ಡಿನ ಒಬ್ಬ ಮತದಾರ