ತೋಳದ್ದಲ್ಲ, ತಯಾರಿಯಿಲ್ಲದ್ದೇ ತಪ್ಪು

ಮಾನ್ಯ ಸಂಪಾದಕರೇ,

ಮೇಜಿನ ಸುತ್ತ ಕೂತು, ದಾಳ ಉರುಳಿಸಿ, ಪಾತ್ರ ವಹಿಸಿ ಆಡುವ ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟಗಳಲ್ಲಿ ‘ಸಾಕುಪ್ರಾಣಿ ಬೇಡ, ಆಟ ಎಳೆಯುತ್ತದೆ’ ಎನ್ನುವ ಗೇಮ್ ಮಾಸ್ಟರ್‌ಗಳು (ಕಥೆ ಹೇಳಿ ಆಟ ನಡೆಸುವವರು) ಹಲವರು. ಆಟ ಎಳೆಯುವುದು ಪ್ರಾಣಿಯಿಂದಲ್ಲ. ಅದು ಯಾವಾಗ, ಯಾರ ಮಾತಿಗೆ ಕದಲಬೇಕು ಎಂದು ಮೊದಲೇ ಗೊತ್ತುಮಾಡಿಕೊಳ್ಳದೆ ಆಡಲು ಕೂರುವುದರಿಂದ.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ ರೇಂಜರ್ ಎಂಬ ಕಾಡಿನ ಬೇಟೆಗಾರ ಪಾತ್ರ ತೋಳವೊಂದನ್ನು ಸಂಗಾತಿಯಾಗಿ ಇಟ್ಟುಕೊಳ್ಳಬಹುದು. ಐದನೇ ಆವೃತ್ತಿಯ 2014ರ ನಿಯಮದಲ್ಲಿ ಆ ತೋಳ ಕಚ್ಚಬೇಕಾದರೆ ರೇಂಜರ್ ತನ್ನ ಆಕ್ಷನ್, ಅಂದರೆ ಸರದಿಯ ಮುಖ್ಯ ಕೆಲಸ, ಬಿಟ್ಟುಕೊಡಬೇಕು. ಮೂರು, ನಾಲ್ಕನೇ ಲೆವೆಲ್‌ನಲ್ಲಿ (ಪಾತ್ರ ಬೆಳೆಯುವ ಹಂತ) ಬಿಲ್ಲು ಇಲ್ಲವೇ ತೋಳ, ಎರಡರಲ್ಲಿ ಒಂದೇ. ಆಟಗಾರ ತೋಳವನ್ನು ಮೂಲೆಗೆ ನಿಲ್ಲಿಸಿ ಮರೆತುಬಿಡುವುದು ಇದಕ್ಕೇ. 2020ರ ಐಚ್ಛಿಕ ನಿಯಮದಲ್ಲಿ ಬೋನಸ್ ಆಕ್ಷನ್, ಅಂದರೆ ಅದೇ ಸರದಿಯ ಹೆಚ್ಚುವರಿ ಚಿಕ್ಕ ಕೆಲಸ, ಸಾಕು. ಇದೇ ಬಗೆಯ ಇನ್ನೊಂದು ಆಟವಾದ ಪಾತ್‌ಫೈಂಡರ್‌ನ ಎರಡನೇ ಆವೃತ್ತಿಯಲ್ಲಿ ಸರದಿಯ ನಿಮ್ಮ ಮೂರು ಆಕ್ಷನ್‌ಗಳಲ್ಲಿ ಒಂದು ಕೊಟ್ಟರೆ ಪ್ರಾಣಿಗೆ ಎರಡು ಸಿಗುತ್ತವೆ.

ಪ್ರಾಣ ಉಳಿಯುವ ಲೆಕ್ಕ ಇನ್ನೂ ಮುಖ್ಯ. ಐದನೇ ಲೆವೆಲ್ ರೇಂಜರ್‌ನ ತೋಳಕ್ಕೆ ಹಳೆಯ ನಿಯಮದಂತೆ ಲೆವೆಲ್‌ನ ನಾಲ್ಕು ಪಟ್ಟು, ಅಂದರೆ 20 ಹಿಟ್ ಪಾಯಿಂಟ್ (ಎಷ್ಟು ಪೆಟ್ಟು ತಾಳಬಲ್ಲದೆಂಬ ಅಂಕ). ಬೆಂಕಿಯುಂಡೆಯ ಮಂತ್ರವಾದ ಫೈರ್‌ಬಾಲ್‌ನ ಪೆಟ್ಟಿಗೆ ಆರು ಮುಖದ ಎಂಟು ದಾಳ, ಸರಾಸರಿ 28. ಸೇವ್, ಅಂದರೆ ಪೆಟ್ಟು ತಗ್ಗಿಸಿಕೊಳ್ಳಲು ಉರುಳಿಸುವ ದಾಳ, ತಪ್ಪಿತೋ, ತೋಳ ಅಲ್ಲೇ ಮುಗಿಯಿತು. 2020ರ ನಿಯಮದಲ್ಲಿ ನೆಲದ ಪ್ರಾಣಿಗೆ ಲೆವೆಲ್‌ನ ಐದು ಪಟ್ಟಿಗೆ ಮತ್ತೆ 5 ಸೇರಿ 30. ಅದೇ ಪೆಟ್ಟಿಗೆ ಎರಡು ಪಾಯಿಂಟ್ ಉಳಿಸಿಕೊಂಡು ನಿಲ್ಲುತ್ತದೆ. ಸತ್ತರೂ ಒಂದು ಗಂಟೆಯೊಳಗೆ ಸ್ಪೆಲ್ ಸ್ಲಾಟ್ (ಮಂತ್ರ ಹಾಕಲು ಇರುವ ಅವಕಾಶ) ಒಂದನ್ನು ಖರ್ಚು ಮಾಡಿ ಬದುಕಿಸಬಹುದು. ಹೊಸದಾಗಿ ಆಡುವವರಿಗೆ ನಾನು ಹೇಳುವುದು ಇದೇ ನಿಯಮ.

ಪ್ರಾಣಿಗೆ ಬೇರೆಯೇ ಒಂದು ಚೀಟಿ ಬರೆದಿಡಿ: ಆರ್ಮರ್ ಕ್ಲಾಸ್ (ಅದಕ್ಕೆ ಏಟು ತಾಗಲು ದಾಳದಲ್ಲಿ ಬೇಕಾದ ಅಂಕ), ಹಿಟ್ ಪಾಯಿಂಟ್, ನಡಿಗೆಯ ವೇಗ, ದಾಳಿ, ವಿಶೇಷ ಗುಣ. ಹಳೆಯ ನಿಯಮದ ತೋಳವಾದರೆ ಪ್ಯಾಕ್ ಟ್ಯಾಕ್ಟಿಕ್ಸ್ ಎಂಬ ಗುಣ ದಪ್ಪಕ್ಷರದಲ್ಲಿರಲಿ. ತೋಳ ದಾಳಿ ಮಾಡುವಾಗ ಗುರಿಯಿಂದ 5 ಅಡಿಯೊಳಗೆ ಅದರ ಜೊತೆಗಾರನೊಬ್ಬನಿದ್ದರೆ ಇಪ್ಪತ್ತು ಮುಖದ ದಾಳ ಎರಡು ಸಲ ಉರುಳಿಸಿ ದೊಡ್ಡದನ್ನು ಹಿಡಿಯಬೇಕು. ಇದನ್ನು ಮರೆತರೆ ತೋಳದ ಅರ್ಧ ಬಲವೇ ಹೋದಂತೆ. ನಕ್ಷೆಯ ಮೇಲೆ ಅದಕ್ಕೊಂದು ಕಾಯಿಯೂ ಬೇಕು; ಇಲ್ಲದಿದ್ದರೆ ಏಣಿ ಹತ್ತುವಾಗ ತೋಳ ಕೆಳಗೇ ಉಳಿಯಿತೆಂಬುದು ಯಾರಿಗೂ ನೆನಪಾಗದು.

ಗೇಮ್ ಮಾಸ್ಟರ್‌ಗಳಲ್ಲಿ ಒಂದು ವಿನಂತಿ: ಕಥೆಗೆ ಕಾವು ಬರಲೆಂದು ಪ್ರಾಣಿಯನ್ನು ಕೊಲ್ಲಬೇಡಿ. ಪ್ರಾಣಿಯ ಸಾವು ಸಹಿಸದವರು ಟೇಬಲ್‌ನಲ್ಲಿದ್ದಾರೆಯೇ ಎಂದು ಮೊದಲ ದಿನವೇ ಕೇಳಿ. ನಾಣ್ಯ ಕೊಟ್ಟು ಕೊಂಡ ಮ್ಯಾಸ್ಟಿಫ್ ನಾಯಿಗೆ ಇರುವುದೇ 5 ಹಿಟ್ ಪಾಯಿಂಟ್, ಲೆವೆಲ್ ಏರಿದರೂ ಅದು ಹೆಚ್ಚದು. ಅದನ್ನು ಗುಹೆಯ ಹೊರಗೆ ಕುದುರೆಗಳ ಕಾವಲಿಗೆ ಬಿಡಲು ಆಟಗಾರರಿಗೆ ತಿಳಿಸಿ.

— ಓದುಗ