ಅವ್ವನ ಕಣ್ಣು ಮತ್ತು ಒಂದೇ ಸ್ಟಾರ್‌ನ ರಿವ್ಯೂಗಳು

ಪ್ರಿಯ ಗೆಳೆಯಾ,

ನೀನು ಮಾನ್ವಿಯಿಂದ ಕಳಿಸಿದ ರಿವ್ಯೂಗಳನ್ನೆಲ್ಲ ಓದಿದೆ. ಅವ್ವನ ಪೊರೆ ಆಪರೇಷನ್ನಿಗೆ ರಾಯಚೂರಿನ ಆ ದವಾಖಾನೆ ಬೇಡವೇ ಬೇಡ ಅಂತ ಯಾಕೆ ಬರೆದೆ ಅನ್ನೋದು ಅರ್ಥವಾಯಿತು. ಒಂದೇ ಸ್ಟಾರ್ ಕೊಟ್ಟವರ ಸಿಟ್ಟು ಸುಳ್ಳಲ್ಲ. ಆದರೆ ಒಂದೊಂದನ್ನೇ ಬಿಡಿಸಿ ನೋಡು. ಡಾಕ್ಟರ ಕೈಗುಣದ ಮೇಲಿನ ದೂರು ಅದರಲ್ಲಿ ಕಡಿಮೆ. ನಮಗೆ ಯಾರೂ ಏನೂ ಹೇಳಲಿಲ್ಲ ಅನ್ನೋ ಸಂಕಟವೇ ಹೆಚ್ಚು.

ಮುಂಜಾನೆ ಬಂದವರನ್ನು ಮಧ್ಯಾಹ್ನದ ತನಕ ಕೂಡಿಸಿದರು ಅಂತ ಎಷ್ಟು ಮಂದಿ ಬರೆದಿದ್ದಾರೆ! ಪಾಪೆ ಅಗಲ ಮಾಡುವ ಡ್ರಾಪ್ಸ್ ಕೆಲಸ ಮಾಡೋಕೆ 20–30 ನಿಮಿಷ ಬೇಕು. ನಮ್ಮಂಥ ಕಪ್ಪು ಕಣ್ಣಿನವರಿಗೆ ಇನ್ನೂ ಹೊತ್ತು ಹಿಡಿಯುತ್ತದೆ, ಒಮ್ಮೊಮ್ಮೆ ಮತ್ತೆ ಹಾಕಬೇಕಾಗುತ್ತದೆ. ಪಾಪೆ ಅಗಲವಾಗದಿದ್ದರೆ ಕಣ್ಣಿನ ಹಿಂಭಾಗದ ಒಳಪರದೆ, ಅಂದರೆ ರೆಟಿನಾ, ಡಾಕ್ಟರಿಗೆ ಪೂರ್ತಿ ಕಾಣುವುದಿಲ್ಲ. ಆಮೇಲೆ ನಾಲ್ಕಾರು ತಾಸು ಎಲ್ಲ ಮಸುಕು, ಬೆಳಕು ಚುಚ್ಚುತ್ತದೆ. ನಮ್ಮೂರಿನ ಏಪ್ರಿಲ್ ಬಿಸಿಲಿಗೆ ಹಾಗೇ ಹೊರಬಂದ ಮುದುಕ, ಇದ್ದ ಕಣ್ಣೂ ಹೋಯಿತು ಅಂತ ಹೆದರದೆ ಇರುತ್ತಾನೆಯೇ? ಡ್ರಾಪ್ಸ್ ಹಾಕುವಾಗಲೇ ಒಂದು ಮಾತು ಹೇಳಿದ್ದರೆ ಆ ರಿವ್ಯೂ ಹುಟ್ಟುತ್ತಲೇ ಇರಲಿಲ್ಲ.

ಆಪರೇಷನ್ ಆದರೂ ಚಷ್ಮಾ ತಪ್ಪಲಿಲ್ಲ ಅನ್ನುವ ದೂರೂ ಇಂಥದ್ದೇ. ಪೊರೆ ತೆಗೆದು ಸಾಮಾನ್ಯವಾಗಿ ಹಾಕುವ ಲೆನ್ಸ್ ಒಂದೇ ದೂರಕ್ಕೆ ಹೊಂದಿಸಿದ್ದು, ಬಹಳ ಮಂದಿಗೆ ದೂರದ ನೋಟಕ್ಕೇ ಹಾಕುತ್ತಾರೆ. ಆಪರೇಷನ್ ಆದ ಮೇಲೆ ಅವ್ವ ಓಣಿಯಲ್ಲಿ ಬರುವವರನ್ನು ಗುರುತು ಹಿಡಿಯಬಹುದು, ಆದರೆ ಜೋಳ ಹಸನು ಮಾಡೋಕೆ, ಸೂಜಿಗೆ ದಾರ ಪೋಣಿಸೋಕೆ ಚಷ್ಮಾ ಬೇಕೇ ಬೇಕು. ಇದನ್ನು ಮೊದಲೇ ಹೇಳುವುದು ಡಾಕ್ಟರ ಕೆಲಸ. ಇನ್ನೊಬ್ಬರು ಪೊರೆ ತಿರುಗಿ ಬಂತು ಅಂತ ಬರೆದಿದ್ದಾರಲ್ಲ, ಪೊರೆ ತಿರುಗಿ ಬರುವುದಿಲ್ಲ. ಲೆನ್ಸಿನ ಹಿಂದೆ ಉಳಿಸಿಕೊಂಡ ತೆಳು ಚೀಲ ಕೆಲವರಿಗೆ ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಮಂಜಾಗುತ್ತದೆ. ಯಾಗ್ ಅನ್ನುವ ಲೇಸರ್ ಬೆಳಕಿನಿಂದ, ಕೊಯ್ಯದೆ ಕೆಲವೇ ನಿಮಿಷದಲ್ಲಿ ಅದನ್ನು ಸರಿಮಾಡುತ್ತಾರೆ. ಶುಗರಿನಿಂದ ಪರದೆ ಕೆಟ್ಟಿದ್ದರೆ ಮಾತ್ರ ಎಷ್ಟು ಚಂದ ಆಪರೇಷನ್ ಮಾಡಿದರೂ ನೋಟ ಪೂರ್ತಿ ಬರುವುದಿಲ್ಲ. ಅವ್ವನಿಗೆ ಶುಗರ್ ಇದೆ, ಅದಕ್ಕೇ ಆಪರೇಷನ್ನಿಗೆ ಮುಂಚೆ ಪರದೆ ನೋಡಿ, ಎಷ್ಟು ಕಾಣಬಹುದು ಅಂತ ಡಾಕ್ಟರ ಬಾಯಿಂದಲೇ ಕೇಳಿಸಿಕೋ.

ದುಡ್ಡಿನ ದೂರು ಬೇರೆ. ಫೋನಿನಲ್ಲಿ ಒಂದು ರೇಟು, ಟೇಬಲ್ ಮೇಲೆ ಮಲಗಿಸುವ ಹೊತ್ತಿಗೆ ಇನ್ನೊಂದು ಲೆನ್ಸು, ಇನ್ನೊಂದು ರೇಟು ಅಂದರೆ ಅದು ಅನ್ಯಾಯ, ನಾನು ಅದಕ್ಕೆ ಯಾವ ಸಮಾಧಾನವನ್ನೂ ಹೇಳೋದಿಲ್ಲ. 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಪ್ರಕಾರ ದರಗಳು ಜನರ ಕಣ್ಣಿಗೆ ಬೀಳುವ ಹಾಗೆ ಇರಬೇಕು. ತಕರಾರಿದ್ದರೆ ಜಿಲ್ಲಾಧಿಕಾರಿ ಮುಖ್ಯಸ್ಥರಾಗಿರುವ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು. ದುಡ್ಡು ಕೊಟ್ಟು ಪಡೆದ ಚಿಕಿತ್ಸೆ ಗ್ರಾಹಕರ ಕಾಯ್ದೆಯಡಿ ಬರುತ್ತದೆ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ.

ಇಷ್ಟೆಲ್ಲದರಲ್ಲಿ ನನ್ನನ್ನು ನಿಜಕ್ಕೂ ಹೆದರಿಸಿದ್ದು ಒಂದೇ ರಿವ್ಯೂ. ನೀನು ಅದನ್ನು ದಾಟಿ ಹೋಗಿದ್ದೀ ಅನಿಸುತ್ತದೆ, ಅದು ಎರಡೇ ಸಾಲಿನದು. ಆಪರೇಷನ್ ಆದ ಮೂರನೇ ದಿನ ಕಣ್ಣು ಕೆಂಪಾಗಿ ನೋವು ಶುರುವಾಯಿತು, ಫೋನ್ ಮಾಡಿದರೆ ಸೋಮವಾರ ಬನ್ನಿ ಅಂದರಂತೆ. ನೋವು, ಕೆಂಪು, ಬಂದ ನೋಟ ಮತ್ತೆ ಇಳಿಯುವುದು ಇವೆಲ್ಲ ಕಣ್ಣೊಳಗೆ ಸೋಂಕು ಹತ್ತಿದ ಲಕ್ಷಣ ಆಗಿರಬಹುದು. ಅದಕ್ಕೆ ಸೋಮವಾರವಿಲ್ಲ, ಅದೇ ದಿನ ಡಾಕ್ಟರು ನೋಡಬೇಕು, ತಡವಾದರೆ ಕಣ್ಣೇ ಹೋಗಬಹುದು. ದವಾಖಾನೆ ಆರಿಸುವಾಗ ರಾತ್ರಿ ಫೋನ್ ಎತ್ತುವವರು ಯಾರು, ರವಿವಾರ ನೋಡುವವರು ಯಾರು ಅಂತ ಕೇಳು. ಉತ್ತರ ತೊದಲಿದರೆ ಎದ್ದು ಬಾ. ಐದು ಸ್ಟಾರಿನ ರಿವ್ಯೂ ನೂರು ಇದ್ದರೂ ಸರಿಯೇ.

ಇನ್ನೊಂದು ಮಾತು. ಈ ರಿವ್ಯೂ ಬರೆದವರೆಲ್ಲ ಫೋನ್ ಇರುವ ಮಕ್ಕಳು, ಮೊಮ್ಮಕ್ಕಳು. ದೇವದುರ್ಗದ ಕಡೆಯಿಂದ ಕೂಲಿ ಬಿಟ್ಟು ಬಂದು, ಕಣ್ಣು ಸರಿಹೋಗದೆ ತಿರುಗಿ ಹೋದ ಮುದುಕಿ ಸ್ಟಾರ್ ಒತ್ತುವುದಿಲ್ಲ. ನನ್ನ ಹಣೆಬರಹ ಅಂದುಕೊಂಡು ಸುಮ್ಮನಾಗುತ್ತಾಳೆ. ಅತ್ತ ಡಾಕ್ಟರೂ ರೋಗಿಯ ಕಾಯಿಲೆಯನ್ನು ಎಲ್ಲರೆದುರು ಬಿಚ್ಚಿ ಉತ್ತರ ಕೊಡುವಂತಿಲ್ಲ. ಹಂಗಾಗಿ ದವಾಖಾನೆಗೆ ಹೋಗಿ ಬಂದ ನಿಮ್ಮ ಓಣಿಯವರನ್ನು, ಅದರಲ್ಲೂ ಆಪರೇಷನ್ ಆಗಿ ವರ್ಷ ಕಳೆದವರನ್ನು ಕೇಳು. ರಾಯಚೂರಿನ ಸರ್ಕಾರಿ ಮೆಡಿಕಲ್ ಕಾಲೇಜು ರಿಮ್ಸ್‌ನ ಕಣ್ಣಿನ ವಿಭಾಗದಲ್ಲೂ ಒಮ್ಮೆ ತೋರಿಸೋಣ, ಎರಡು ಅಭಿಪ್ರಾಯ ಕೈಯಲ್ಲಿರಲಿ.

ಬರುವಾಗ ಅವ್ವನ ಶುಗರ್, ಬಿಪಿ ಚೀಟಿ, ನುಂಗುವ ಗುಳಿಗೆ, ಹಳೇ ಚಷ್ಮಾ ಎಲ್ಲ ತಾ. ಬೈಕ್ ಬೇಡ, ಬಸ್ಸಿಗೇ ಬನ್ನಿ, ಡ್ರಾಪ್ಸ್ ಹಾಕಿದ ಕಣ್ಣಿಗೆ ಹೊರಗಿನ ಬಿಸಿಲು ಆಗಿಬರುವುದಿಲ್ಲ. ಡಾಕ್ಟರ ಹತ್ತಿರ ಒಳಗೆ ನಾನೂ ಬರುತ್ತೇನೆ, ಕೇಳೋದನ್ನೆಲ್ಲ ಇಬ್ಬರೂ ಕೂಡಿ ಕೇಳೋಣ.

ನಿನ್ನ ಗೆಳೆಯ,
ರಾಯಚೂರು